ಹಿತ್ತಲ ಕೋಳಿ ಮತ್ತು ಕಾಡಿನ ನೆರೆ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯ ಬಳಿ ಕೋಗಿಲಬನವೆಂಬ ಊರುಂಟು. ಹೆಸರು ಕೋಗಿಲೆಯದಾದರೂ, ಆ ಕಡೆಯ ಕಾಡಂಚಿನ ಮನೆಗಳಲ್ಲಿ ಬೆಳಗಿನ ಜಾವ ಕೇಳುವ ಕೂಗು ಎರಡು ಬಗೆಯ ಕೋಳಿಗಳದು. ಹಿತ್ತಲಿನ ಹುಂಜ ನಿಡಿದಾಗಿ ಕೂಗುತ್ತದೆ. ಬಿದಿರುಮೆಳೆಯ ಆಚೆಯಿಂದ ಬೂದು ಮೈಯ ಕಾಡುಕೋಳಿ ತುಂಡು ತುಂಡಾಗಿ ಕೂಗುತ್ತದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಕಡೆಗಳಲ್ಲಿ ಪೇಟೆಗೂ ಕಾಡಿಗೂ ನಡುವೆ ಎಷ್ಟೋ ಸಲ ಒಂದು ಬೇಲಿಯಷ್ಟೇ ಅಂತರ. ಆದುದರಿಂದ ಅಲ್ಲಿ ನಾಲ್ಕು ಕೋಳಿಗಳನ್ನು ಸಾಕಬೇಕೆಂದು ಹೊರಟ ವಿದ್ಯಾವಂತ ಗೃಹಸ್ಥರಿಗೆ ಮೊದಲು ಎದುರಾಗುವ ಪ್ರಶ್ನೆ ‘ಏನು ತಿನ್ನಿಸಬೇಕು’ ಎಂಬುದಲ್ಲ. ‘ನಿನ್ನೆ ರಾತ್ರಿ ಯಾರು ಒಯ್ದರು’ ಎಂಬುದು.

ಈ ಎರಡು ಕೋಳಿಗಳಿಗೂ ರಕ್ತಸಂಬಂಧವಿದೆ. ಸಾಕುಕೋಳಿಯ ಮೂಲಪುರುಷ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯೆಂದು ಡಾರ್ವಿನ್ನನ ಕಾಲದಿಂದಲೂ ಒಪ್ಪಿಕೊಂಡು ಬಂದಿದೆ. ಆದರೆ ಅನೇಕ ಕೋಳಿಗಳ ಕಾಲು ಮತ್ತು ಚರ್ಮದ ಹಳದಿ ಬಣ್ಣಕ್ಕೆ ಕಾರಣವಾದ ಅನುವಂಶಿಕ ಅಂಶವು ನಮ್ಮ ಬೂದು ಕಾಡುಕೋಳಿಯಿಂದ ಬಂದದ್ದೆಂದು ಸ್ವೀಡನ್ ದೇಶದ ಉಪ್ಸಾಲಾ ವಿಶ್ವವಿದ್ಯಾನಿಲಯದ ಸಂಶೋಧಕರು 2008ರಲ್ಲಿ ತೋರಿಸಿದರು. ಕೋಳಿ ಸಂಜೆಯಾದೊಡನೆ ಎತ್ತರದ ಕೊಂಬೆಯನ್ನು ಹುಡುಕುವುದೂ, ಬಯಲಿನಲ್ಲಿ ನಿಲ್ಲಲು ಅಂಜುವುದೂ ಕಾಡಿನಿಂದ ತಂದ ಬುದ್ಧಿಯೇ. ಈ ಬುದ್ಧಿಗೆ ನಾವು ಸಹಾಯ ಮಾಡಬೇಕೇ ಹೊರತು ಅಡ್ಡಬರಬಾರದು.

ಏನು ಹೋದರೂ ಒಂದು ಕೋಳಿಯಷ್ಟೇ ಹೋಯಿತೆಂದು ಕೆಲವರು ಹೇಳುವುದುಂಟು. ನಾಟಿ ಹೇಂಟೆ ವರ್ಷಕ್ಕೆ ಇಡುವುದು ಸುಮಾರು 60 ಮೊಟ್ಟೆ. ಹತ್ತು ಹನ್ನೆರಡನ್ನು ಕಾವಿಗೆ ಇಟ್ಟರೆ 21 ದಿನ ಕೂತು ಮರಿ ಮಾಡುತ್ತದೆ. ಬಳಿಕ ಆರು ವಾರ ಮರಿಗಳನ್ನು ಮೇಯಿಸುತ್ತ ತಿರುಗುತ್ತದೆ. ಕಾವಿನ ಕಾಲದಲ್ಲಿ ಹೇಂಟೆ ಹೋದರೆ ಒಂದು ಹಿಂಡೇ ಹೋದಂತೆ. ಹಳ್ಳಿಯ ಮನೆಗಳಲ್ಲಿ ಕೋಳಿಯ ದುಡ್ಡು ಹೆಂಗಸರ ಕೈಯ ದುಡ್ಡು. ಮಗುವಿನ ಪುಸ್ತಕ, ಔಷಧ, ತವರಿಗೆ ಹೋಗುವ ಖರ್ಚು ಅದರಿಂದಲೇ ಹೊರಡುತ್ತವೆ. ಪೇಟೆಯವರಿಗೆ ವಿನೋದವಾಗಿರುವುದು ಅವರಿಗೆ ಉಳಿತಾಯದ ಪೆಟ್ಟಿಗೆ.

ಕಳ್ಳನನ್ನು ಹಿಡಿಯುವುದಕ್ಕಿಂತ ಮೊದಲು ಗುರುತಿಸುವುದು ಅಗತ್ಯ. ಹಗಲು ಹೊತ್ತಿನಲ್ಲಿ ಮರಿಯೊಂದು ಸದ್ದಿಲ್ಲದೆ ಮಾಯವಾದರೆ ಹದ್ದು, ಬಿಜ್ಜು ಅಥವಾ ಕಾಗೆಯನ್ನು ಸಂಶಯಿಸತಕ್ಕದ್ದು. ಗಿಡದ ಬುಡದಲ್ಲಿ ಪುಕ್ಕಗಳು ಕಿತ್ತು ಹರಡಿದ್ದರೆ ಬೇಟೆಯ ಹಕ್ಕಿ ಅಲ್ಲೇ ಕೂತು ತಿಂದಿತೆಂದು ಊಹಿಸಬಹುದು. ಮೊಟ್ಟೆಯ ಚಿಪ್ಪು ಒಡೆದು ಬಿದ್ದಿದ್ದರೆ ಮುಂಗುಸಿಯ ಕೆಲಸವಿರಬಹುದು. ಚಿಪ್ಪಿನ ಚೂರೂ ಇಲ್ಲದೆ ಮೊಟ್ಟೆ ಕಾಣೆಯಾಗಿದ್ದರೆ ಹಾವು ನುಂಗಿರುವ ಸಂಭವ ಹೆಚ್ಚು. ಮರಿಗಳು ರಾತ್ರಿ ಒಂದೊಂದಾಗಿ ಕಡಿಮೆಯಾಗುತ್ತಿದ್ದು, ಗೂಡಿನ ಮೂಲೆಯಲ್ಲಿ ಹೊಸ ಮಣ್ಣು ಬಿದ್ದಿದ್ದರೆ ಹೆಗ್ಗಣದ ಬಿಲವನ್ನು ಹುಡುಕಬೇಕು. ರಾತ್ರಿ ದೊಡ್ಡ ಕೋಳಿಯನ್ನೇ ಹೊತ್ತೊಯ್ದಿದ್ದರೆ ಕಾಡುಬೆಕ್ಕು, ಪುನುಗಿನ ಬೆಕ್ಕು, ನರಿ ಈ ಮೂವರಲ್ಲಿ ಒಬ್ಬರು. ಅಥವಾ, ಹೇಳಲು ಸಂಕೋಚವಾದರೂ, ನೆರೆಮನೆಯ ನಾಯಿ. ಗೂಡಿನ ಸುತ್ತ ಸಂಜೆ ಜರಡಿ ಹಿಡಿದ ಬೂದಿಯನ್ನು ತೆಳುವಾಗಿ ಹರಡಿಟ್ಟರೆ ಬೆಳಗ್ಗೆ ಹೆಜ್ಜೆ ಮೂಡಿರುತ್ತದೆ. ಬೆಕ್ಕಿನ ಜಾತಿಯವು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಹೆಜ್ಜೆಯಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಬೀಳುವುದಿಲ್ಲ. ನಾಯಿ ನರಿಗಳದು ಬೀಳುತ್ತದೆ. ಇಷ್ಟು ತಿಳಿದರೂ ಅರ್ಧ ಕೆಲಸವಾದಂತೆ, ಏಕೆಂದರೆ ಹದ್ದಿಗೆ ಮಾಡುವ ಉಪಾಯ ಮುಂಗುಸಿಗೆ ನಡೆಯದು.

ಒಂದೇ ರಾತ್ರಿ ಹತ್ತು ಕೋಳಿಗಳನ್ನು ಕೊಂದು ಒಂದನ್ನೇ ತಿಂದು ಹೋದ ಪ್ರಾಣಿಯನ್ನು ಜನ ಕ್ರೂರವೆಂದು ಬೈಯುತ್ತಾರೆ. ಹಾನ್ಸ್ ಕ್ರೂಕ್ ಎಂಬ ಪ್ರಾಣಿಶಾಸ್ತ್ರಜ್ಞರು 1972ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಕಗ್ಗತ್ತಲ ರಾತ್ರಿಗಳಲ್ಲಿ ಹಾರಿಹೋಗದೆ ನೆಲದಲ್ಲೇ ಕೂತಿದ್ದ ಕಡಲ ಹಕ್ಕಿಗಳನ್ನು ನರಿಗಳು ಹಸಿವಿಗೆ ಮೀರಿ ಕೊಂದುದನ್ನು ವಿವರಿಸಿದ್ದಾರೆ. ಬೇಟೆ ಓಡಿಹೋಗದಿದ್ದಾಗ ಕೊಲ್ಲುವ ಪ್ರವೃತ್ತಿಗೆ ತಡೆ ಬೀಳುವುದಿಲ್ಲ. ಕೋಳಿಗೆ ಕತ್ತಲೆಯಲ್ಲಿ ಕಣ್ಣು ಕಾಣುವುದು ಬಹಳ ಕಡಿಮೆ. ಗೂಡಿನೊಳಗೆ ಓಡಲು ಜಾಗವೂ ಇಲ್ಲ. ಒಳಹೊಗ್ಗಲು ದಾರಿಯಿರುವ ಗೂಡು, ಗೂಡೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು ಎನ್ನುವುದು ಇದರಿಂದಲೇ.

ಹಗಲಿನಲ್ಲಿ ಕೋಳಿ ತಕ್ಕಮಟ್ಟಿಗೆ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಆಕಾಶದಲ್ಲಿ ಹದ್ದಿನ ನೆರಳು ಕಂಡರೆ ಹುಂಜ ಎಳೆದ ತೆಳು ದನಿಯೊಂದನ್ನು ಹೊರಡಿಸುತ್ತದೆ. ಹೇಂಟೆಗಳು ಒಡನೆ ಕುಗ್ಗಿ ಪೊದೆ ಸೇರುತ್ತವೆ. ನೆಲದ ಮೇಲೆ ಬೆಕ್ಕೋ ನಾಯಿಯೋ ಬಂದರೆ ದನಿಯೇ ಬೇರೆ: ಬಿಟ್ಟು ಬಿಟ್ಟು ಒದರುವ ಗದ್ದಲ, ಆಗ ಅವು ಅಡಗದೆ ಕತ್ತೆತ್ತಿ ನಿಲ್ಲುತ್ತವೆ. ಒಂದೆರಡು ವಾರ ಕಿವಿಗೊಟ್ಟರೆ ಮನೆಯವರಿಗೂ ಈ ಭಾಷೆ ಬರುತ್ತದೆ. ಆದರೆ ಅಡಗಲು ಪೊದೆಯೇ ಇಲ್ಲದಿದ್ದರೆ ಎಚ್ಚರಿಕೆಯಿಂದ ಏನು ಪ್ರಯೋಜನ? ಪೇಟೆಯಿಂದ ಬಂದವರು ಹಿತ್ತಲನ್ನು ಬೋಳಿಸಿ ಹುಲ್ಲುಹಾಸು ಮಾಡುವುದು ಹದ್ದಿಗೆ ಎಲೆ ಹಾಕಿ ಬಡಿಸಿದಂತೆಯೇ ಸರಿ. ದಾಸವಾಳ, ಬಾಳೆ, ಕರಿಬೇವಿನ ಮೆಳೆ ಅಲ್ಲಲ್ಲಿ ಇರಲಿ. ಸಣ್ಣ ಮರಿಗಳಿಗೆ ಅಗಲ ಹೆಣಿಗೆಯ ಬಿದಿರ ಬುಟ್ಟಿಯನ್ನು ಬೋರಲು ಹಾಕಿ, ಮೇಲೊಂದು ಕಲ್ಲಿಟ್ಟರೆ, ಆರು ವಾರದ ಗಂಡಾಂತರದ ಹೆಚ್ಚಿನ ಪಾಲು ಕಳೆಯಿತು.

ಇನ್ನು ರಾತ್ರಿಯ ಗೂಡು. ಖರ್ಚು ಮಾಡಬೇಕಾದ ಸ್ಥಳ ಇದೊಂದೇ. ನೆಲದಿಂದ ಮೂರಡಿ ಎತ್ತರದ ಕಂಬಗಳ ಮೇಲೆ ಕಟ್ಟಿದರೆ ಮಳೆಗಾಲದ ತೇವವೂ ತಟ್ಟದು, ಬಿಲ ತೋಡುವವರೂ ಬಾರರು. ಕೋಳಿಗೊಂದಕ್ಕೆ ಒಂದೂವರೆಯಿಂದ ಎರಡು ಚದರಡಿ ನೆಲ, ಅಡ್ಡಗೋಲಿನ ಮೇಲೆ ಎಂಟು ಹತ್ತು ಅಂಗುಲ ಜಾಗ ಸಾಕು. ಅಂಗಡಿಯಲ್ಲಿ ಕೋಳಿಜಾಲರಿಯೆಂದು ಮಾರುವ ಆರು ಮೂಲೆಯ ಕಣ್ಣಿನ ತೆಳು ತಂತಿ, ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಕಳ್ಳನನ್ನು ಹೊರಗಿಡಲಾರದು. ನಾಯಿ ಅದನ್ನು ಹರಿಯುತ್ತದೆ. ಎಳೆಯ ಹಾವೂ ಇಲಿಯೂ ಅದರಲ್ಲಿ ನುಸುಳುತ್ತವೆ. ಅರ್ಧ ಅಂಗುಲ ಕಣ್ಣಿನ ಬೆಸುಗೆಯ ಜಾಲರಿಯನ್ನೇ ಹಾಕತಕ್ಕದ್ದು. ಗೂಡು ನೆಲದ ಮೇಲೆಯೇ ಇರಬೇಕಾದರೆ ಜಾಲರಿಯನ್ನು ಗೋಡೆಯಿಂದ ಹೊರಮುಖವಾಗಿ ಒಂದೂವರೆ ಅಡಿ ನೆಲದಲ್ಲಿ ಹಾಸಿ ಮಣ್ಣು ಮುಚ್ಚಬೇಕು. ತೋಡುವ ಪ್ರಾಣಿ ಗೋಡೆಯ ಬುಡದಲ್ಲೇ ತೋಡುತ್ತದೆ. ಉಗುರಿಗೆ ತಂತಿ ಸಿಕ್ಕಿ ನಿಲ್ಲುತ್ತದೆ. ಗಾಳಿಗಂಡಿ ಅಡ್ಡಗೋಲಿಗಿಂತ ಮೇಲಿರಲಿ. ಗಾಳಿಯಾಡದ ಗೂಡಿನಲ್ಲಿ ಹಿಕ್ಕೆಯ ಘಾಟು ಕೋಳಿಯ ಕಣ್ಣನ್ನೂ ಉಸಿರನ್ನೂ ಕೆಡಿಸುತ್ತದೆ. ಹೆಂಚುಗಳ ಸಂದಿಯನ್ನೂ ಮರೆಯಬಾರದು. ಪುನುಗಿನ ಬೆಕ್ಕಿನ ಬಳಗದ ಮರಬೆಕ್ಕು ಮಾಡಿನ ಮೇಲಿನಿಂದಲೇ ಇಳಿಯುವುದು. ಬಾಗಿಲಿಗೆ ತಿರುಗಿಸುವ ಮರದ ತುಂಡು ಸಾಲದು, ಚಿಲಕವೇ ಬೇಕು.

ಗೂಡು ಕಟ್ಟುವುದಕ್ಕಿಂತ ಉರುಳು ಹಾಕುವುದು, ಸತ್ತ ಕೋಳಿಗೆ ವಿಷ ಬೆರೆಸಿಡುವುದು ಅಗ್ಗವೆಂದು ತೋರಬಹುದು. ಮುಂಗುಸಿ, ಪುನುಗಿನ ಬೆಕ್ಕು, ಕಾಡುಬೆಕ್ಕು, ಹೆಬ್ಬಾವು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಆಶ್ರಯದಲ್ಲಿವೆ. ಅದೂ ಅಲ್ಲದೆ ಈ ಪ್ರದೇಶ 2015ರಿಂದ ಕಾಳಿಯ ಹೆಸರನ್ನು ಹೊತ್ತಿರುವ ಹುಲಿ ಸಂರಕ್ಷಿತಾರಣ್ಯದ ನೆರೆ. ಬೆಕ್ಕಿಗೆಂದು ಒಡ್ಡಿದ ಉರುಳಿಗೆ ಚಿರತೆ ಬೀಳಬಹುದು. ಸಿಕ್ಕಿಬಿದ್ದ ಚಿರತೆಯನ್ನು ಮುಂಜಾನೆ ಮೊದಲು ಕಾಣುವುದು ಬಹುಶಃ ಸೌದೆಗೋ ದನಕ್ಕೋ ಹೋದ ಬಡವನೇ. ವಿಷವೂ ಹಾಗೆಯೇ ಕೈಯಿಂದ ಕೈಗೆ ದಾಟುತ್ತದೆ. ಹೆಗ್ಗಣವನ್ನೂ ಇಲಿಯನ್ನೂ ತಿಂದು ಗದ್ದೆ ಕಾಯುವ ಪ್ರಾಣಿ ಸತ್ತಮೇಲೆ ನಷ್ಟ ಕಣಜಕ್ಕೇ ಬರುತ್ತದೆ.

ಹೆಜ್ಜೆ ಮೂಡಿಸದೆ ಬರುವ ಕಳ್ಳ ಕೊಕ್ಕರೆ ರೋಗ. ಹಿತ್ತಲನ್ನು ಒಂದೇ ವಾರದಲ್ಲಿ ಬರಿದುಮಾಡಬಲ್ಲದು. ಐದರಿಂದ ಏಳು ದಿನದ ಮರಿಯ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೆಯ ವಾರದ ಸುಮಾರಿಗೆ ಒಂದು ಚುಚ್ಚುಮದ್ದು ಪಶುವೈದ್ಯರ ಸಲಹೆಯಂತೆ ಹಾಕಿಸಬೇಕು. ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು ವಾರ ಬೇರೆಯಾಗಿ ಇಡತಕ್ಕದ್ದು.

ಸಂಜೆ ಬಾಗಿಲು ಹಾಕುವ ಮುನ್ನ ಎಣಿಸುವ ಅಭ್ಯಾಸವಿರಲಿ. ಆಷಾಢದ ಮೋಡದಲ್ಲಿ ಕತ್ತಲೆ ಬೇಗ ಬರುವುದರಿಂದ ಗಡಿಯಾರವನ್ನು ನಂಬದೆ ಕೋಳಿಗಳನ್ನೇ ನೋಡಬೇಕು. ಅವು ಒಳಗೆ ಹೋಗುವ ಹೊತ್ತೇ ಹೊತ್ತು. ಎಣಿಕೆಯಲ್ಲಿ ಒಂದು ಹೇಂಟೆ ಕಡಿಮೆ ಬಂದರೆ ಅದನ್ನು ಯಾರೋ ಒಯ್ದರೆಂದು ಕೂಡಲೇ ನಿಶ್ಚಯಿಸಬಾರದು. ಪೊದೆಯೊಳಗೆ ಗುಟ್ಟಾಗಿ ಮೊಟ್ಟೆಯಿಟ್ಟು ಕಾವಿಗೆ ಕೂತಿರುವ ಸಂಭವವುಂಟು. ಅಂಥ ಹೇಂಟೆ ದಿನಕ್ಕೊಂದು ಸಲ ಹೊಟ್ಟೆಗಾಗಿ ಹೊರಬರುತ್ತದೆ. ಆಗ ಒಂದು ಹಿಡಿ ನುಚ್ಚು ಹಾಕಿ, ತಿಂದು ಹಿಂದಿರುಗುವಾಗ ದೂರದಿಂದ ಅದರ ಬೆನ್ನುಹತ್ತಿ, ಜಾಗವನ್ನು ಕಂಡುಕೊಂಡು, ಕತ್ತಲಾದ ಮೇಲೆ ಮೊಟ್ಟೆಗಳ ಸಮೇತ ಬುಟ್ಟಿಯಲ್ಲಿ ಗೂಡಿಗೆ ತರಬಹುದು.