ದಯಾಮರಣ: ಕಾನೂನು ಹೇಳುವುದೇನು, ಧರ್ಮಸಭೆ ಬೋಧಿಸುವುದೇನು?



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಈ ದಿನವನ್ನು ವಿಶ್ವ ರೋಗಿಗಳ ದಿನವನ್ನಾಗಿ ಆಚರಿಸಬೇಕೆಂದು ಜಗದ್ಗುರು ಎರಡನೇ ಜಾನ್ ಪಾಲ್ ಅವರು 1992ರಲ್ಲಿ ಗೊತ್ತುಮಾಡಿದರು. 2025ರಲ್ಲಿ ಆ ಹಬ್ಬಕ್ಕೆ ಹನ್ನೆರಡು ದಿನ ಮುಂಚೆ, ಜನವರಿ 30ರಂದು, ಕರ್ನಾಟಕದ ಆರೋಗ್ಯ ಇಲಾಖೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ಸುದ್ದಿ ಓದಿದ ಹಲವರ ಮನಸ್ಸಿನಲ್ಲಿ ಮೂಡಿದ ಪ್ರಶ್ನೆ ಒಂದೇ: ನಮ್ಮ ರಾಜ್ಯದಲ್ಲಿ ದಯಾಮರಣಕ್ಕೆ ಅನುಮತಿ ಸಿಕ್ಕಿತೇ? ಉತ್ತರ, ಇಲ್ಲ. ಇದನ್ನು ದಯಾಮರಣವೆಂದು ತಪ್ಪು ತಿಳಿಯಬಾರದೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೇ ಸ್ಪಷ್ಟಪಡಿಸಿದರು. ಹಾಗಾದರೆ ಸಿಕ್ಕಿದ್ದೇನು? ಅದನ್ನು ತಿಳಿಯಲು ನಮ್ಮ ನಾಡಿನ ಒಬ್ಬ ಹೆಣ್ಣುಮಗಳ ಕಥೆಯಿಂದ ಆರಂಭಿಸಬೇಕು.

ಹಳದೀಪುರದ ಅರುಣಾ

ಅರುಣಾ ಶಾನಭಾಗ ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದವರು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಕತ್ತು ಬಿಗಿದು ಅವರ ಮೇಲೆ ಅತ್ಯಾಚಾರ ಎಸಗಿದನು. ಮೆದುಳಿಗೆ ಆಮ್ಲಜನಕ ಸಿಗದೆ ಅರುಣಾ ಮತ್ತೆ ಮೊದಲಿನಂತಾಗಲೇ ಇಲ್ಲ. ಅವರಿಗೆ ಆಹಾರ ನಿಲ್ಲಿಸಿ ಸಾಯಲು ಬಿಡಬೇಕೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿನ ಮೊರೆಹೋದರು. ಆಸ್ಪತ್ರೆಯ ದಾದಿಯರು ಒಪ್ಪಲಿಲ್ಲ. ಇವಳು ನಮ್ಮವಳು, ನಾವೇ ನೋಡಿಕೊಳ್ಳುತ್ತೇವೆ ಎಂದು ಅವರು ನಿಂತರು. 2011ರ ಮಾರ್ಚ್ 7ರಂದು ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಸಾಯುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರಿಗೆ ಉಣಿಸಿದರು, ಮೈ ತೊಳೆದರು.

ಕಾನೂನಿನ ಮಾತು

ಅದೇ ತೀರ್ಪು ಮತ್ತೊಂದು ಬಾಗಿಲನ್ನೂ ತೆರೆಯಿತು. ವಿಷದ ಚುಚ್ಚುಮದ್ದು ಕೊಟ್ಟು ರೋಗಿಯನ್ನು ಕೊಲ್ಲುವುದು ಅಪರಾಧವೇ ಸರಿ. ಆದರೆ ಗುಣವಾಗುವ ಆಸೆಯೇ ಇಲ್ಲದಿರುವಾಗ ಜೀವರಕ್ಷಕ ಚಿಕಿತ್ಸೆಯನ್ನು ಹೈಕೋರ್ಟಿನ ಅನುಮತಿಯೊಡನೆ ನಿಲ್ಲಿಸಬಹುದು ಎಂದಿತು. 2018ರ ಮಾರ್ಚ್ 9ರಂದು ಐವರು ನ್ಯಾಯಾಧೀಶರ ಪೀಠವು, ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಗಿದೆ ಎಂದು ಹೇಳಿ, ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಲು ಅವಕಾಶ ನೀಡಿತು. 2023ರ ಜನವರಿ 24ರಂದು ಕ್ರಮಗಳನ್ನು ಸರಳಗೊಳಿಸಿತು. ಈ ಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಚಿಕಿತ್ಸೆ ನಿಲ್ಲಿಸುವ ಮೊದಲು ಆಸ್ಪತ್ರೆಯ ವೈದ್ಯರ ಮಂಡಳಿ, ನಂತರ ಎರಡನೇ ಮಂಡಳಿ ಒಪ್ಪಬೇಕು, ಮನೆಯವರ ಸಮ್ಮತಿ ಇರಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಎರಡನೇ ಮಂಡಳಿಗೆ ವೈದ್ಯರನ್ನು ನೇಮಿಸುವ ವ್ಯವಸ್ಥೆಯನ್ನು ಜಿಲ್ಲೆಗಳಲ್ಲಿ ಜಾರಿಗೆ ತಂದದ್ದೇ 2025ರ ಸುತ್ತೋಲೆ.

ಧರ್ಮಸಭೆಯ ಬೋಧನೆ

ಜೀವ ನಮ್ಮ ಸೊತ್ತಲ್ಲ, ದೇವರು ಕೊಟ್ಟ ವರ. ನಾವು ಅದರ ಒಡೆಯರಲ್ಲ, ಕಾವಲುಗಾರರು. ಆದುದರಿಂದ ನೋವು ಕೊನೆಗಾಣಿಸುವ ನೆಪದಲ್ಲಿ ರೋಗಿಯನ್ನು ಕೊಲ್ಲುವುದು ಘೋರ ಪಾಪ. ಚುಚ್ಚುಮದ್ದಿನಿಂದ ಕೊಂದರೂ, ಕೊಡಬೇಕಾದುದನ್ನು ಸಾಯಲೆಂದೇ ಕೊಡದಿದ್ದರೂ ಅದು ಒಂದೇ. 1995ರ 'ಜೀವದ ಶುಭಸಂದೇಶ' ವಿಶ್ವಪತ್ರ ಇದನ್ನು ಖಚಿತವಾಗಿ ಬೋಧಿಸುತ್ತದೆ.

ಆದರೆ ಹೇಗಾದರೂ ಮಾಡಿ ಉಸಿರು ಹಿಡಿದಿಡಲೇಬೇಕು ಎಂದು ಧರ್ಮಸಭೆ ಎಂದೂ ಹೇಳಿಲ್ಲ. 1957ರಲ್ಲೇ ಜಗದ್ಗುರು ಹನ್ನೆರಡನೇ ಪಿಯುಸ್ ಅವರು ವೈದ್ಯರಿಗೆ, ಅಸಾಧಾರಣ ಚಿಕಿತ್ಸೆಗೆ ಯಾರೂ ಬದ್ಧರಲ್ಲ ಎಂದು ತಿಳಿಸಿದ್ದರು. ಫಲಕ್ಕಿಂತ ಹೊರೆಯೇ ಹೆಚ್ಚಾದ ಚಿಕಿತ್ಸೆಯನ್ನು ಬಿಡಬಹುದು. ಅದು ಕೊಲ್ಲುವುದಲ್ಲ, ಸಾವನ್ನು ತಡೆಯಲಾಗದೆಂದು ಒಪ್ಪಿಕೊಳ್ಳುವುದು. ನೋವು ಕಡಿಮೆ ಮಾಡುವ ಔಷಧದಿಂದ ಆಯುಸ್ಸು ತುಸು ಕುಗ್ಗಬಹುದಾದರೂ, ಸಾವು ನಮ್ಮ ಉದ್ದೇಶವಲ್ಲದಿದ್ದರೆ ಅದನ್ನು ಕೊಡಬಹುದು.

ಎರಡು ಮನೆಗಳು

ಗುಬ್ಬಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಒಂದೊಂದಾಗಿ ಅಂಗಗಳು ಸೋತಿವೆ. ಇನ್ನು ಫಲವಿಲ್ಲವೆಂದು ವೈದ್ಯರು ಹೇಳಿದ್ದಾರೆ. ತೆಂಗಿನ ತೋಟ ಮಾರದಿದ್ದರೆ ತಾನು ಅಪ್ಪನನ್ನು ಕೊಂದಂತೆ ಎಂದು ಮಗ ಕಣ್ಣೀರಿಡುತ್ತಾನೆ. ಇಲ್ಲ ಮಗನೇ, ಹಾಗಲ್ಲ. ಕಾನೂನಿನ ಕ್ರಮದಂತೆ ವೆಂಟಿಲೇಟರ್ ತೆಗೆಸುವುದರಲ್ಲಿ ಪಾಪವಿಲ್ಲ. ಗುರುಗಳನ್ನು ಕರೆಸಿ ಅಭ್ಯಂಗ ಕೊಡಿಸು, ಅಪ್ಪನ ಕೈ ಹಿಡಿದುಕೊಂಡು ಪಕ್ಕದಲ್ಲಿರು.

ಇನ್ನು ಕುಣಿಗಲ್ಲಿನ ಒಂದು ಮನೆ. ಪಾರ್ಶ್ವವಾಯು ಬಡಿದ ಅತ್ತೆ ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಮಾತಿಲ್ಲ, ಮೂಗಿನ ನಳಿಕೆಯಲ್ಲಿ ಗಂಜಿ. ಅವರು ಸಾಯುತ್ತಿಲ್ಲ, ಬದುಕಿದ್ದಾರೆ. ನಳಿಕೆ ತೆಗೆದುಬಿಡಿ ಎಂದು ನೆಂಟರು ಹೇಳುತ್ತಾರೆ. ಇಲ್ಲಿ ಧರ್ಮಸಭೆ ಬೇಡ ಎನ್ನುತ್ತದೆ. ದೇಹ ಸ್ವೀಕರಿಸುವ ತನಕ ಅನ್ನ ನೀರು ಚಿಕಿತ್ಸೆಯಲ್ಲ, ಆರೈಕೆ. ನಳಿಕೆಯಲ್ಲಿ ಕೊಟ್ಟರೂ ಅದು ಆರೈಕೆಯೇ ಎಂದು ಎರಡನೇ ಜಾನ್ ಪಾಲ್ 2004ರಲ್ಲಿ ತಿಳಿಸಿದರು. ನ್ಯಾಯಾಲಯ ಅನುಮತಿಸುವುದೆಲ್ಲ ಧರ್ಮಸಮ್ಮತವೇ ಆಗಬೇಕೆಂದಿಲ್ಲ. ಮುಂಗಡ ನಿರ್ದೇಶನ ಬರೆಯುವ ಕ್ರೈಸ್ತರು ಈ ಭೇದವನ್ನು ಸ್ಪಷ್ಟವಾಗಿ ಬರೆಯಬೇಕು. ಇದನ್ನು ಅರಿತ, ನಂಬಿಕೆಗೆ ಅರ್ಹರಾದವರನ್ನೇ ಅದರಲ್ಲಿ ಹೆಸರಿಸಬೇಕು.

ನಮ್ಮ ಪಾಲಿನ ಕೆಲಸ

ಆದರೆ ಬೇಡ ಎಂದು ಹೇಳಿ ನಾವು ಮನೆಗೆ ಹೋಗಿಬಿಟ್ಟರೆ ಸಾಕೇ? ಆ ಸೊಸೆ ರಾತ್ರಿ ನಿದ್ದೆ ಮಾಡಿ ಎಷ್ಟು ದಿನವಾಯಿತೋ! ಭಾನುವಾರದ ಬಲಿಪೂಜೆಗೂ ಆಕೆ ಬರಲಾಗುತ್ತಿಲ್ಲ. ಸಾವನ್ನು ಬೇಡುವ ಅನೇಕ ರೋಗಿಗಳು ನಿಜಕ್ಕೂ ಬೇಡುವುದು ಸಾವನ್ನಲ್ಲ, ನೋವಿನಿಂದ ಬಿಡುಗಡೆಯನ್ನು, ಪಕ್ಕದಲ್ಲೊಂದು ಜೀವವನ್ನು. ನೋವು ಶಮನ ಮಾಡುವ ಆರೈಕೆಯ ವ್ಯವಸ್ಥೆ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿದೆ. ಅದೇ ನಗರದ 'ಕರುಣಾಶ್ರಯ' ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಕುಟುಂಬಗಳಿಗೆ ಈ ವಿಷಯ ತಲುಪಿಸುವುದು ನಮ್ಮ ಕರ್ತವ್ಯ. ವಾರಕ್ಕೊಂದು ಮಧ್ಯಾಹ್ನ ಹಾಸಿಗೆಯ ಬಳಿ ಕುಳಿತು ಆ ಸೊಸೆಗೆ ಎರಡು ಗಂಟೆ ಬಿಡುವು ಕೊಡುವುದು ಯಾವ ಧರ್ಮಕೇಂದ್ರಕ್ಕೂ ಅಸಾಧ್ಯವಲ್ಲ.

ಶಿಲುಬೆಯ ಬಳಿ ನಿಂತಿದ್ದ ಮಾತೆ ಮರಿಯಳಿಗೆ ಮಗನ ನೋವನ್ನು ನೀಗಿಸಲು ಆಗಲಿಲ್ಲ. ಆದರೆ ಆಕೆ ಅಲ್ಲಿಂದ ಕದಲಲೂ ಇಲ್ಲ. ಕೆಇಎಂನ ದಾದಿಯರು 42 ವರ್ಷ ಮಾಡಿದ್ದೂ ಅದನ್ನೇ. ದಯೆಯೆಂದರೆ ಇದೇ. ಲೂರ್ದು ಮಾತೆ ನಮ್ಮ ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ಬಲ ದಯಪಾಲಿಸಲಿ.