ಶೇ. 60 ರಿಯಾಯಿತಿ, ಆದರೆ ಯಾವ ಬೆಲೆಯ ಮೇಲೆ?

ಕಳೆದ ಹಬ್ಬದ ಸೇಲ್ ಹೊತ್ತಲ್ಲಿ ಅಮ್ಮ ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ರು. ಒಂದು ಮಿಕ್ಸಿ. 7,999 ರೂಪಾಯಿ ಅಂತ ಬರೆದು ಅಡ್ಡಗೆರೆ ಎಳೆದಿತ್ತು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 3,199. ಮೇಲೆ ಕೆಂಪು ಪಟ್ಟಿಯಲ್ಲಿ ‘ಶೇ. 60 ರಿಯಾಯಿತಿ’. ಹಿಂದೆಯೇ ಫೋನ್ ಬಂತು: “ಇವತ್ತು ರಾತ್ರಿ ಹನ್ನೆರಡರ ತನಕ ಮಾತ್ರ ಅಂತೆ ಕಣೋ. ತಗೊಂಡುಬಿಡ್ಲಾ?”

ಅದೇ ಮಿಕ್ಸಿಯನ್ನು ನಾನು ಮೂರು ವಾರ ಮೊದಲು ಅದೇ ಆ್ಯಪ್‌ನಲ್ಲಿ ನೋಡಿ ಕಾರ್ಟ್‌ಗೆ ಹಾಕಿಟ್ಟಿದ್ದೆ. ಆಗ ಬೆಲೆ 3,450. ಅಂದರೆ ಅಮ್ಮನಿಗೆ ನಿಜಕ್ಕೂ ಉಳಿಯುತ್ತಿದ್ದದ್ದು 251 ರೂಪಾಯಿ, ಹೆಚ್ಚೂಕಮ್ಮಿ ಶೇ. 7. ಅದೂ ದುಡ್ಡೇ, ಬೇಡ ಅನ್ನಲ್ಲ. ಆದರೆ 251 ರೂಪಾಯಿಗಾಗಿ ಅಮ್ಮ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡುತ್ತಿರಲಿಲ್ಲ. 4,800 ರೂಪಾಯಿ ಉಳಿಯುತ್ತೆ ಅಂತ ನಂಬಿದ್ದಕ್ಕೇ ಆ ಅವಸರ.

ಹಾಗಾದರೆ ಅಂಗಡಿ ಸುಳ್ಳು ಹೇಳಿತಾ? ವಿಚಿತ್ರ ಏನಂದ್ರೆ, ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪಿಲ್ಲ. ಡಬ್ಬಿಯ ಮೇಲೆ ಎಂಆರ್‌ಪಿ 7,999 ಅಂತಲೇ ಅಚ್ಚಾಗಿದೆ. ಅದರಲ್ಲಿ 3,199 ಕಳೆದು ನೋಡಿ, ಶೇ. 60 ಸರಿಯಾಗೇ ಬರುತ್ತೆ.

ಆಟ ಇರೋದು ಛೇದದಲ್ಲಿ

ಎಂಜಿನಿಯರಿಂಗ್ ಓದಿದ್ದರಿಂದ ನನಗೊಂದು ಚಾಳಿ ಉಳಿದಿದೆ. ಎಲ್ಲೇ ಶೇಕಡಾ ಕಂಡರೂ, ‘ಯಾವುದರ ಶೇಕಡಾ?’ ಅಂತ ಕೇಳೋದು. ಹೈಸ್ಕೂಲಿನಲ್ಲಿ ಕಲಿತ ಅಂಶ, ಛೇದ ನೆನಪಿದೆಯಲ್ಲ? ರಿಯಾಯಿತಿಯ ಲೆಕ್ಕದಲ್ಲಿ ಎಲ್ಲರೂ ನೋಡೋದು ಮೇಲಿನ ಅಂಶವನ್ನು. ಕೆಳಗಿನ ಛೇದವನ್ನು ಯಾರು ಇಟ್ಟರು ಅಂತ ಕೇಳುವವರು ಕಮ್ಮಿ.

ನಮ್ಮಲ್ಲಿ ಆ ಛೇದ ಸಾಮಾನ್ಯವಾಗಿ ಎಂಆರ್‌ಪಿ. ಕಾನೂನು ಮಾಪನಶಾಸ್ತ್ರದ ಪ್ಯಾಕೇಜ್ ಸರಕುಗಳ ನಿಯಮ 2011ರ ಪ್ರಕಾರ, ಪ್ಯಾಕ್ ಮಾಡಿದ ವಸ್ತುವಿನ ಮೇಲೆ ಎಲ್ಲ ತೆರಿಗೆ ಸೇರಿಸಿದ ಗರಿಷ್ಠ ಚಿಲ್ಲರೆ ಬೆಲೆ ಮುದ್ರಿಸಬೇಕು, ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೀರಿನ ಬಾಟಲಿಗೆ 5 ರೂಪಾಯಿ ಜಾಸ್ತಿ ಕೇಳಿದರೆ, “ಎಂಆರ್‌ಪಿ ನೋಡಿ ಸ್ವಾಮಿ” ಅಂತ ಜಗಳ ಆಡೋದಕ್ಕೆ ನಮಗೆ ಬಲ ಕೊಟ್ಟಿರೋದು ಇದೇ ನಿಯಮ.

ಆದರೆ ಎಂಆರ್‌ಪಿ ಒಂದು ಮೇಲ್ಮಿತಿ ಅಷ್ಟೇ. ಆ ಬೆಲೆಗೆ ಯಾರಾದರೂ ಯಾವತ್ತಾದರೂ ಕೊಂಡಿದ್ದಾರೆ ಅಂತ ಅದರರ್ಥ ಅಲ್ಲ. ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಔಷಧಗಳಂಥ ಕೆಲವನ್ನು ಬಿಟ್ಟರೆ, ಅದು ಎಷ್ಟಿರಬೇಕು ಅಂತ ತೀರ್ಮಾನಿಸೋದು ತಯಾರಕರು ಅಥವಾ ಆಮದು ಮಾಡುವವರು. 3,500ಕ್ಕೆ ಮಾರುವ ಮಿಕ್ಸಿಗೆ 7,999 ಅಂತ ಅಚ್ಚು ಹಾಕಿದರೆ ಅವರಿಗೆ ಖರ್ಚೇನೂ ಇಲ್ಲ. ವರ್ಷದ 365 ದಿನವೂ ‘ಅರ್ಧ ಬೆಲೆ’ ಅಂತ ಬೋರ್ಡ್ ಹಾಕಿಕೊಳ್ಳಬಹುದು. ಗ್ರಾಹಕರನ್ನು ಕಾಯೋದಕ್ಕೆ ಬಂದ ಸಂಖ್ಯೆ ಜಾಹೀರಾತಿನ ಸರಕಾಗಿದ್ದು ಹೀಗೆ.

ಹಳೇ ಪಾಠವೊಂದಿದೆ

ಎಲ್ಲ ಸೇಲ್‌ಗಳೂ ಮೋಸ ಅನ್ನೋದು ನನ್ನ ವಾದ ಅಲ್ಲ. ಹೊಸ ಮಾಡೆಲ್ ಬಂದಾಗ ಹಳೇ ಸ್ಟಾಕ್ ಖಾಲಿ ಮಾಡಲೇಬೇಕು, ಅಂಥ ಫೋನ್, ಟಿವಿ ನಿಜಕ್ಕೂ ಅಗ್ಗಕ್ಕೆ ಸಿಗುತ್ತವೆ. ತೊಂದರೆ ಏನಂದ್ರೆ, ನಿಜದ ರಿಯಾಯಿತಿಗೂ ಕಾಗದದ ರಿಯಾಯಿತಿಗೂ ಅದೇ ಕೆಂಪು ಪಟ್ಟಿ.

ಬೆಂಗಳೂರಿನವರೇ ಆದ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ಮೊದಲ ‘ಬಿಗ್ ಬಿಲಿಯನ್ ಡೇ’ ನಡೆಸಿತು. ಸೈಟ್ ಕುಸಿಯಿತು, ಸ್ಟಾಕ್ ಖಾಲಿಯಾಯಿತು, ಆರ್ಡರ್‌ಗಳು ರದ್ದಾದವು. ಸೇಲ್‌ಗೆ ಮುಂಚೆ ಬೆಲೆ ಏರಿಸಿ ಆಮೇಲೆ ಇಳಿಸಿದ್ದಾರೆ ಅಂತ ಗ್ರಾಹಕರು ದೂರಿದರು. ಮರುದಿನ ಸಂಸ್ಥಾಪಕರಾದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಗ್ರಾಹಕರಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಬೆಲೆ ಬದಲಾವಣೆಯ ವಿಷಯವೂ ಆ ಪತ್ರದಲ್ಲಿತ್ತು. ಅವತ್ತು ಜನರಿಗೆ ಗೊತ್ತಾಗಿದ್ದು ಹೇಗೆ? ಕೆಲವರಿಗೆ ಹಿಂದಿನ ಬೆಲೆ ನೆನಪಿತ್ತು, ಅಷ್ಟೇ. ಇವತ್ತಿಗೂ ನಮ್ಮ ಕೈಲಿರೋ ಅಸ್ತ್ರ ಅದೊಂದೇ.

ಕಾನೂನು ಏನನ್ನುತ್ತೆ?

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 2(47)ನೇ ಸೆಕ್ಷನ್ ‘ಅನುಚಿತ ವ್ಯಾಪಾರ ಪದ್ಧತಿ’ ಅಂದರೇನು ಅಂತ ವಿವರಿಸುತ್ತೆ. ವಸ್ತುವೊಂದು ಸಾಮಾನ್ಯವಾಗಿ ಯಾವ ಬೆಲೆಗೆ ಮಾರಾಟ ಆಗುತ್ತದೆ ಅನ್ನುವ ಬಗ್ಗೆ ಜನರನ್ನು ದಾರಿ ತಪ್ಪಿಸುವುದೂ ಅದರಲ್ಲಿ ಸೇರಿದೆ. ‘ಸಾಮಾನ್ಯವಾಗಿ ಮಾರಾಟ ಆಗುವ ಬೆಲೆ’ ಅನ್ನೋ ಮಾತನ್ನು ಗಮನಿಸಿ. ನನ್ನ ಪ್ರಕಾರ, ಯಾವತ್ತೂ ಆ ಬೆಲೆಗೆ ಮಾರದ 7,999ಕ್ಕೆ ಅಡ್ಡಗೆರೆ ಎಳೆದು ತೋರಿಸೋದು ಈ ಮಾತಿನ ಆಶಯಕ್ಕೇ ವಿರುದ್ಧ.

ಅಂದರೆ ತತ್ವ ಕಾನೂನಿನಲ್ಲಿದೆ, ಅಳತೆಗೋಲು ಇಲ್ಲ. ಸಾಮಾನ್ಯ ಬೆಲೆ ಅಂದರೆ ಎಷ್ಟು ದಿನದ ಬೆಲೆ? ಅದನ್ನು ತೋರಿಸಬೇಕಾದವರು ಯಾರು? ಇದಕ್ಕೆ ನಿಯಮದಲ್ಲಿ ನೇರ ಉತ್ತರ ಇಲ್ಲ. 2023ರ ನವೆಂಬರ್‌ನಲ್ಲಿ ಬಂದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿ 13 ಬಗೆಯ ವಂಚನೆಯ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸೋದು, ಕೊನೇ ಹಂತದಲ್ಲಿ ಶುಲ್ಕ ಸೇರಿಸೋದು ಅದರಲ್ಲಿವೆ. ಒಳ್ಳೆಯದೇ. ಆದರೆ 2025ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕಂಪನಿಗಳಿಗೆ ಹೇಳಿದ್ದು, ಮೂರು ತಿಂಗಳಲ್ಲಿ ನಿಮ್ಮ ಸೈಟನ್ನು ನೀವೇ ತಪಾಸಣೆ ಮಾಡ್ಕೊಳ್ಳಿ ಅಂತ. ತಪ್ಪುದಾರಿಗೆಳೆಯುವ ಜಾಹೀರಾತಿಗೆ ಪ್ರಾಧಿಕಾರ ಹಾಕಬಹುದಾದ ದಂಡ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹಬ್ಬದ ಸೇಲ್‌ನ ವಹಿವಾಟಿನ ಮುಂದೆ ಇದು ಚಿಲ್ಲರೆ.

ಇನ್ನೊಂದು ಗಂಟಿದೆ. ವಿದೇಶಿ ಬಂಡವಾಳ ಇರುವ ಆನ್‌ಲೈನ್ ಮಾರುಕಟ್ಟೆ, ವಸ್ತುಗಳ ಬೆಲೆಯ ಮೇಲೆ ನೇರವಾಗಿಯೋ ಪರೋಕ್ಷವಾಗಿಯೋ ಪ್ರಭಾವ ಬೀರಬಾರದು ಅಂತ ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲೇ ಹೇಳಿದೆ. ಹಾಗಾಗಿ ಬೆಲೆ ಬಗ್ಗೆ ಕೇಳಿದರೆ, ‘ಅದು ಮಾರಾಟಗಾರರ ತೀರ್ಮಾನ’ ಅನ್ನುವ ಉತ್ತರ ಸದಾ ಸಿದ್ಧ. ಸೇಲ್‌ನ ಹೆಸರು, ದಿನಾಂಕ, ಟಿವಿ ಜಾಹೀರಾತು, ಕೆಂಪು ಪಟ್ಟಿ ಎಲ್ಲಾ ಸೈಟಿನದು. ಜವಾಬ್ದಾರಿ ಮಾತ್ರ ಇನ್ಯಾರದೋ.

ಯಾರ ಗಂಟಿನಿಂದ ರಿಯಾಯಿತಿ?

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. 32 ಇಂಚಿಗಿಂತ ದೊಡ್ಡ ಟಿವಿ, ಎ.ಸಿ.ಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು. ಅದೇ ವಾರ ದೊಡ್ಡ ಸೈಟ್‌ಗಳ ಹಬ್ಬದ ಸೇಲ್ ಶುರುವಾಯಿತು. ತೆರಿಗೆ ಬಿಟ್ಟು 100 ರೂಪಾಯಿಯ ಸರಕು ಮೊದಲು 128, ಈಗ 118. ಅಂದರೆ ಕಂಪನಿ ಒಂದು ರೂಪಾಯಿ ಬಿಡದಿದ್ದರೂ ಬೆಲೆ ಶೇ. 7.8ರಷ್ಟು ಇಳಿಯಲೇಬೇಕು. ಇಂಥ ಹೊತ್ತಲ್ಲಿ ಹಳೇ ಬೆಲೆಗೆ ಅಡ್ಡಗೆರೆ ಎಳೆದರೆ, ಸರ್ಕಾರ ಬಿಟ್ಟ ತೆರಿಗೆಯೂ ಸೇಲ್‌ನ ಔದಾರ್ಯದ ಲೆಕ್ಕಕ್ಕೆ ಸೇರುತ್ತೆ.

ಬ್ಯಾಂಕ್ ಆಫರ್ ಕೂಡ ಹಾಗೇ. ‘ಶೇ. 10 ತಕ್ಷಣದ ರಿಯಾಯಿತಿ’ ಅಂತ ದೊಡ್ಡದಾಗಿ, ‘ಗರಿಷ್ಠ 1,500 ರೂಪಾಯಿ’ ಅಂತ ಚಿಕ್ಕದಾಗಿ ಬರೆದಿದೆ ಅಂದುಕೊಳ್ಳಿ. 40,000ದ ಫೋನಿಗೆ ಅದು ಶೇ. 3.75. ಅದಕ್ಕೂ ಇಂಥದ್ದೇ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಬೇಕು. ಅದನ್ನು ಮನೆ ಬಾಗಿಲಿಗೆ ತಂದುಕೊಡುವ ಹುಡುಗನ ಬಳಿ ಆ ಕಾರ್ಡ್ ಇರೋ ಸಾಧ್ಯತೆ ಕಮ್ಮಿ.

30 ದಿನದ ನಿಯಮ

ಯುರೋಪಿಯನ್ ಒಕ್ಕೂಟ ಈ ಛೇದದ ಪ್ರಶ್ನೆಗೆ ಉತ್ತರ ಕೊಟ್ಟಿದೆ. 2022ರ ಮೇ ತಿಂಗಳಿಂದ ಅಲ್ಲಿ, ಬೆಲೆ ಇಳಿಸಿದ್ದೇವೆ ಅಂತ ಘೋಷಿಸುವ ಅಂಗಡಿ, ಅದಕ್ಕೆ ಮುಂಚಿನ ಕನಿಷ್ಠ 30 ದಿನಗಳಲ್ಲಿ ತಾನು ಮಾರಿದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ಜರ್ಮನಿಯ ಆಲ್ಡಿ ಸೂಡ್ ಅನ್ನೋ ಸೂಪರ್‌ಮಾರ್ಕೆಟ್ ಬಾಳೆಹಣ್ಣಿಗೆ 1.69 ಯೂರೊದಿಂದ 1.29ಕ್ಕೆ, ಶೇ. 23 ಇಳಿಕೆ ಅಂತ ಕರಪತ್ರ ಹಾಕಿತು. ಹಿಂದಿನ 30 ದಿನದ ಕನಿಷ್ಠ ಬೆಲೆಯೂ 1.29 ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಹಾಗಾದರೆ ಇಳಿದದ್ದೇನು? ಸೊನ್ನೆ. 2024ರ ಸೆಪ್ಟೆಂಬರ್ 26ರಂದು ಒಕ್ಕೂಟದ ನ್ಯಾಯಾಲಯ, ಆ ಕನಿಷ್ಠ ಬೆಲೆಯನ್ನು ಕೆಳಗೆ ಬರೆದರೆ ಸಾಲದು, ಶೇಕಡಾ ಲೆಕ್ಕವನ್ನೂ ಅದರ ಮೇಲೆಯೇ ಹಾಕಬೇಕು ಅಂತ ತೀರ್ಪು ಕೊಟ್ಟಿತು.

ಇದು ನಮ್ಮಲ್ಲಿ ಯಾಕೆ ಆಗಬಾರದು? ತಾಂತ್ರಿಕ ಅಡ್ಡಿ ಇದೆ ಅನ್ನೋದನ್ನ ನಾನು ಒಪ್ಪಲ್ಲ. ಪ್ರತಿ ವಸ್ತುವಿನ ಪ್ರತಿ ದಿನದ ಬೆಲೆ ಸೈಟಿನ ಡೇಟಾಬೇಸ್‌ನಲ್ಲಿ ಇರುತ್ತೆ. ಅದರಿಂದ 30 ದಿನದ ಕನಿಷ್ಠ ಬೆಲೆ ತೆಗೆಯೋದು ಒಂದು ಸಾಲಿನ ಕ್ವೆರಿ. ನೀವು ಯಾವ ಚಪ್ಪಲಿಯನ್ನು ಎಷ್ಟು ಸಲ ನೋಡಿದಿರಿ ಅನ್ನೋದು ಅವರಿಗೆ ನೆನಪಿರುತ್ತೆ. ಆ ಚಪ್ಪಲಿಯ ಹೋದ ತಿಂಗಳ ಬೆಲೆಯನ್ನು ನಿಮಗೆ ತೋರಿಸುವಂತೆ ಮಾತ್ರ ಯಾರೂ ಅವರನ್ನು ಕೇಳಿಲ್ಲ. ಗ್ರಾಹಕ ವ್ಯವಹಾರಗಳ ಸಚಿವಾಲಯ ಕೇಳಬೇಕು. ಕೇಳಿ ಅಂತ ನಾವು ಒತ್ತಾಯಿಸಬೇಕು.

ಅಲ್ಲಿಯವರೆಗೆ ಅಡ್ಡಗೆರೆ ಎಳೆದ ಬೆಲೆಯನ್ನು ಇಲ್ಲವೇ ಇಲ್ಲ ಅಂದ್ಕೊಳ್ಳಿ. ಬೇಕಾದ ವಸ್ತುವಿನ ಬೆಲೆಯನ್ನು ಒಂದು ತಿಂಗಳು ಮೊದಲೇ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹಳೇ ಬೆಲೆ ತೋರಿಸುವ ಟ್ರ್ಯಾಕರ್‌ಗಳೂ ಇವೆ. ಮಾಡೆಲ್ ನಂಬರ್ ಹಿಡಿದು ಪಕ್ಕದ ಬೀದಿಯ ಅಂಗಡಿಯಲ್ಲೂ ವಿಚಾರಿಸಿ. ಮೋಸ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಆಗ ಆ ಸ್ಕ್ರೀನ್‌ಶಾಟೇ ಸಾಕ್ಷಿ.

ಅಮ್ಮನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ: “ನೀನು ಮೊದಲೇ ನೋಡಿಟ್ಟಿದ್ದಕ್ಕೆ ಗೊತ್ತಾಯ್ತು. ಇಲ್ಲದಿದ್ರೆ ನಾವು ಹೇಗೋ ತಿಳ್ಕೊಳ್ಳೋದು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇರಬೇಕಾದದ್ದು ಆ ಕೆಂಪು ಪಟ್ಟಿಯ ಪಕ್ಕದಲ್ಲಿ.