ನಿಮಗಿದು ಗೊತ್ತೆ? ಉರುಳು ಕಟ್ಟಿದರೂ ಬೇಟೆಯೇ

ಯುಗಾದಿಯ ಮರುದಿನ ಹೊಸತೊಡಕಿನ ಬಾಡೂಟ. ಕೆಂಕೆರೆ, ಹುಳಿಯಾರು ಕಡೆ ಮೊಲ, ಕೌಜುಗದ ಆಸೆಗೆ ನಾಯಿ, ಬಲೆ ಹಿಡಿದು ಗುಡ್ಡ ಹತ್ತುತ್ತಿದ್ದ ಕಾಲವೊಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ.

ಕೋವಿ ಹಾರಿಸಿದರೆ ಮಾತ್ರ ಬೇಟೆ ಎಂದುಕೊಂಡವರೇ ಹೆಚ್ಚು. ಕಾನೂನಿನ ಲೆಕ್ಕವೇ ಬೇರೆ: ಉರುಳು ಕಟ್ಟುವುದು, ವಿಷ ಇಡುವುದು, ಹಿಡಿಯಲು ಯತ್ನಿಸುವುದು, ಹಕ್ಕಿಯ ಮೊಟ್ಟೆ ಕದ್ದು ಗೂಡು ಕೆಡಿಸುವುದು, ಎಲ್ಲವೂ ಬೇಟೆಯೇ. ತೋಟದ ಬೇಲಿಗೆ ಹಂದಿಗೆಂದು ಕಟ್ಟಿದ ಕ್ಲಚ್ ವೈರಿನ ಉರುಳಿಗೆ ಹಂದಿಯೇ ಬೀಳಬೇಕೆಂದೇನಿಲ್ಲ. ಉರುಳು ಸೊಂಟಕ್ಕೆ ಬಿಗಿದುಕೊಂಡ ಚಿರತೆ ಜಗ್ಗಿದಷ್ಟೂ ತಂತಿ ಒಳಗೆ ಇಳಿಯುತ್ತದೆ. ಬಿಡಿಸಹೋದವರ ಗತಿ ದೇವರೇ ಬಲ್ಲ. ಹತ್ತಿರ ಸುಳಿಯದೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

ಪಕ್ಕದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಜೀವಿ ಧಾಮವಾಯಿತು. ಧಾಮದೊಳಗೆ ಅನುಮತಿಯಿಲ್ಲದೆ ಆಯುಧ ಹಿಡಿದು ಕಾಲಿಟ್ಟರೂ ತಪ್ಪು. ಅಲ್ಲಿ ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು. ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಚಿಂಕಾರ, ಕರಡಿ, ಚಿರತೆ, ನವಿಲು ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಹಾಗಾಗಿ ನಿಮ್ಮದೇ ತೆಂಗಿನ ತೋಟದಲ್ಲಿ ಕೊಂದರೂ ಇದೇ ಶಿಕ್ಷೆ.

ಮೈಮೇಲೆ ಎರಗಿದ ಕರಡಿಯಿಂದ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅಪರಾಧವಲ್ಲ. ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಉಗುರು, ಚರ್ಮ ಮನೆಗೊಯ್ದರೆ ಮತ್ತೊಂದು ಕೇಸು.